ಮುರಿದ ಪಟ್ಟಾದ ಮುಖ

ನಾಗಮಂಗಲದ ಹತ್ತಿರ ನಮ್ಮ ದೊಡ್ಡಪ್ಪನ ಮನೆಯ ಕೊಟ್ಟಿಗೆ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಒಂದು ಕಬ್ಬಿಣದ ತುಂಡು ಆನಿಸಿಟ್ಟಿದ್ದಾರೆ. ಮೊಳಕ್ಕಿಂತ ತುಸು ಉದ್ದ, ನಾಲ್ಕು ಬೆರಳಗಲ, ಬಿಲ್ಲಿನಂತೆ ಸ್ವಲ್ಪ ಬಾಗಿದ್ದು. ಹೋದ ತಿಂಗಳು ರಜೆಗೆ ಬಂದವಳು ಅದಕ್ಕೇ ಎಡವಿ ಕಾಲಿನ ಹೆಬ್ಬೆಟ್ಟು ಒಡೆದುಕೊಂಡೆ. ಎತ್ತಿ ಬಿಸಾಡೋಣ ಅಂತ ಬಗ್ಗಿ ಕೈಗೆ ತೆಗೆದುಕೊಂಡವಳು ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅದು ಟೆಂಪೋದ ಮುರಿದ ಪಟ್ಟಾ. ಚಕ್ರದ ಮೇಲೆ ಒಂದರ ಮೇಲೊಂದು ಜೋಡಿಸಿ ಭಾರ ಹೊರಿಸುತ್ತಾರಲ್ಲ, ಆ ಉಕ್ಕಿನ ಪಟ್ಟಿಗಳಲ್ಲಿ ಒಂದು. ಸಗಣಿ, ತುಕ್ಕು, ಅದರಡಿಯಲ್ಲೆಲ್ಲೋ ಸುಟ್ಟ ಎಣ್ಣೆಯ ವಾಸನೆ... ಇಷ್ಟು ವರ್ಷ ಎಣ್ಣೆ ವಾಸನೆ ಉಳಿಯಲು ಸಾಧ್ಯವಿಲ್ಲ, ನನಗೆ ಗೊತ್ತು. ಆದರೂ ಬಂತು.

ಅದು ಬೆಳ್ಳೂರು ಕ್ರಾಸಿನ ವಾಸನೆ. ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಕುಲುಮೆ ಇಟ್ಟುಕೊಂಡು, ಲಾರಿ ಟೆಂಪೋಗಳ ಪಟ್ಟಾ ಕಾಯಿಸಿ, ಬಡಿದು, ಮತ್ತೆ ಬಾಗಿಸಿ ಕೊಡುವವರೊಬ್ಬರಿದ್ದರು. ಡ್ರೈವರುಗಳಿಗೆಲ್ಲ ಅವರು ಪಟ್ಟಾ ಸಾಬ್ರು. ನನಗೆ ಚಾಚಾ. ಡಿಗ್ರಿ ಓದುವಾಗ ದಿನಾ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದದ್ದು ಅವರ ಶೆಡ್ಡಿನ ನೆರಳಲ್ಲೇ. ಸುಮ್ಮನೆ ಕಾಯುವ ಜಾತಿಯವಳಲ್ಲ ನಾನು. ಕಾಲೇಜಿನ ಚರ್ಚಾಸ್ಪರ್ಧೆಯ ಷೀಲ್ಡು ಎರಡು ವರ್ಷ ನನ್ನ ಹೆಸರಿನಲ್ಲೇ ಇತ್ತು. ಎದುರಿಗೆ ಯಾರು ಸಿಕ್ಕರೂ ವಾದಕ್ಕೆ ಎಳೆಯುತ್ತಿದ್ದೆ. ಚಾಚಾ ವಾದ ಮಾಡುತ್ತಿರಲಿಲ್ಲ. ಒಗಟು ಹಾಕುತ್ತಿದ್ದರು.

ಒಂದು ದಿನ ಕೆಂಪಗೆ ಕಾದ ಎರಡು ತುಂಡು ನೆಲದ ಮೇಲಿದ್ದವು. ಒಂದು ತೆಳ್ಳಗೆ, ಒಂದು ದಪ್ಪ.

"ಎಲ್ಡೂ ಒಂದೇ ಕೆಂಪು. ಯಾವ್ದು ಮೊದ್ಲು ಬೆಂಕಿಯಿಂದ ಆಚ್ಗೆ ಬಂದದ್ದು, ಹೇಳು ನೋಡಾನ?"

"ಒಂದೇ ಬಣ್ಣ ಅಂದ್ಮೇಲೆ ಒಂದೇ ಸಲಕ್ಕೆ ಬಂದಿರೋದು."

"ಅಂಗೆಲ್ಲೈತೆ!" ಅಂತ ನಕ್ಕರು. "ತೆಳ್ಳಂದು ಈಗ್ ಬಂತು. ದಪ್ಪಂದು ಆಗ್ಲೇ ಬಂದು ಕುಂತದೆ. ದಪ್ಪ ಇದ್ದೋನು ಆರೋಕೆ ಟೈಮ್ ತಕ್ಕೊಳ್ತಾನೆ, ಬೇಟಿ. ಬಣ್ಣ ಇಬ್ಬರ್ ಕಡೀಕೂ ಸಾಕ್ಷಿ ಹೇಳ್ತದೆ, ನಂಬ್ಬ್ಯಾಡ. ಮೈಮ್ಯಾಲಿನ್ ಪೊರೆ ನೋಡು."

ನೋಡಿದೆ. ದಪ್ಪ ತುಂಡಿನ ಮೈಯಲ್ಲಿ ಹಕ್ಕಳೆ ಎದ್ದಿತ್ತು. ತೆಳ್ಳಗಿನದು ಇನ್ನೂ ನುಣುಪಾಗಿತ್ತು.

ಈಗ ನನ್ನ ಸಂಶೋಧನೆಯ ಕೆಲಸವೆಲ್ಲ ಹೆಚ್ಚುಕಮ್ಮಿ ಆ ಒಗಟೇ. ಆಕಾಶದಲ್ಲಿ ಕಂದು ಕುಬ್ಜ ಅನ್ನುವ ಕಾಯಗಳಿವೆ. ನಕ್ಷತ್ರವಾಗಲು ಹೊರಟವು, ಆದರೆ ಒಡಲಲ್ಲಿ ಬೆಂಕಿ ಹತ್ತಿಸಿಕೊಂಡು ಅದನ್ನು ಉಳಿಸಿಕೊಳ್ಳುವಷ್ಟು ಭಾರ ಸಾಲಲಿಲ್ಲ. ಹುಟ್ಟುವಾಗಿನ ಕಾವಿನಲ್ಲೇ ಬೆಳಗುತ್ತ, ಕುಲುಮೆಯಿಂದ ಈಚೆ ಬಿದ್ದ ಕಬ್ಬಿಣದ ಹಾಗೆ ಕೋಟ್ಯಂತರ ವರ್ಷ ಆರುತ್ತ ಹೋಗುತ್ತವೆ. ಹಗುರಾದದ್ದು ಬೇಗ ಆರುತ್ತದೆ, ಭಾರದ್ದು ನಿಧಾನ. ಹಾಗಾಗಿ ಮೊನ್ನೆ ಮೊನ್ನೆ ಹುಟ್ಟಿದ ಹಗುರ ಕುಬ್ಜವೂ ಯಾವುದೋ ಕಾಲದ ಭಾರದ ಕುಬ್ಜವೂ ಒಂದೇ ಬಿಸಿ, ಒಂದೇ ಬಣ್ಣ ತೋರಿಸಿಕೊಂಡು ಪಕ್ಕಪಕ್ಕ ನಿಲ್ಲಬಹುದು. ಯಾರು ಹಿರಿಯರು ಅಂತ ಬಣ್ಣ ಹೇಳುವುದಿಲ್ಲ.

ಇದು ನನಗೆ ತರಗತಿಯಲ್ಲಿ ಥಟ್ಟನೆ ಅರ್ಥವಾಯಿತು. ಎಲ್ಲಿ ಕಲಿತೆ ಅಂತ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು...

ಮುಂದಿನದು ಇದು. ಕೊನೆಯ ವರ್ಷದ ಮಳೆಗಾಲ. ದೊಡ್ಡಪ್ಪನ ಟೆಂಪೋ ಎಳನೀರು ಹೇರಿಕೊಂಡು ಮೇಲುಕೋಟೆ ಬೆಟ್ಟ ಇಳಿದು ಪಾಂಡವಪುರದ ಕಡೆ ಹೋಗುವಾಗ ಮೇನ್ ಪಟ್ಟಾ, ಅಂದರೆ ಎಲ್ಲಕ್ಕಿಂತ ಉದ್ದನೆಯದು, ಮುರಿದು ಚರಂಡಿಗೆ ವಾಲಿತು. ಡ್ರೈವರಿನ ಭುಜದ ಮೂಳೆ ಮುರಿಯಿತು. ಮೂರು ವಾರದ ಹಿಂದಷ್ಟೇ ಅದೇ ಗಾಡಿಯ ಎರಡನೇ ಪಟ್ಟಾ ಚಾಚಾ ಬದಲಾಯಿಸಿಕೊಟ್ಟಿದ್ದರು. ಕಾಯಿಸುವಾಗ ಮೇನ್ ಪಟ್ಟಾನೂ ಕೆಡಿಸಿದ್ದಾನೆ ಅಂತ ದೊಡ್ಡಪ್ಪ ಕುದಿದುಹೋದರು. ಮುರಿದ ತುಂಡು ಎತ್ತಿಕೊಂಡು ಹೊರಟವರು ನನ್ನನ್ನೂ ಕರೆದರು.

"ಬಾಮ್ಮಿ, ಕಪ್ಪು, ಷೀಲ್ಡು ಅಂತ ಮನೆ ತುಂಬ್ಸಿದ್ದೀಯಲ್ಲ. ಇವತ್ತು ನಿನ್ ಬಾಯಿ ಒಸಿ ಮನೆ ಕೆಲ್ಸಕ್ಕೆ ಬರ್ಲಿ."

ಹೋದೆ. ಯಾರ ಬಲವಂತವೂ ಇರಲಿಲ್ಲ. ಸ್ಪರ್ಧೆಗೆ ಹೋಗುವ ಖುಷಿಯಲ್ಲೇ ಹೋದೆ.

ಶೆಡ್ಡಿನ ಮುಂದೆ ಹತ್ತು ಹನ್ನೆರಡು ಜನ ಲಾರಿ ಡ್ರೈವರುಗಳು. ಅವರೆಲ್ಲ ಚಾಚಾನ ಗಿರಾಕಿಗಳು. ಅವರ ಮುಂದೆ ಹೆಸರು ಕೆಟ್ಟರೆ ಆ ಕುಲುಮೆಗೆ ಇದ್ದಿಲು ಹಾಕುವ ಅಗತ್ಯವೇ ಇರುವುದಿಲ್ಲ. ಅದು ದೊಡ್ಡಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಜಗಳ ಬಂದಾಗ ಚಾಚಾಗೆ ಒಂದೇ ಪದ್ಧತಿ. ಮುರಿದ ಮುಖ ಮೇಲೆ ಬರುವ ಹಾಗೆ ತುಂಡನ್ನು ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಒರಗಿಸಿ ನಿಲ್ಲಿಸುವುದು, ದೂರು ತಂದವರನ್ನು ಹತ್ತಿರ ಕರೆದು ತೋರಿಸುವುದು. ಅವತ್ತೂ ಹಾಗೇ ಮಾಡಿದರು.

"ನೋಡಿ ಗೌಡ್ರೆ, ಇಲ್ಲಿಂದ ಇಲ್ಲೀಗಂಟ ಕಂದು. ಹಳೇ ಬಿರುಕು. ಇಲ್ಲಿಂದಾಚೆ ಬೆಳ್ಳಗೈತೆ, ಇದು ಮೊನ್ನೆ ಮುರ್ದದ್ದು. ಅವತ್ತೇ ತಟ್ಟಿ ನೋಡಿ ಯೋಳಿದ್ನಲ್ಲ, ಮೇನ್ ಪಟ್ಟಾ ಸದ್ದು ಸರ್ಯಾಗಿಲ್ಲ, ಬದ್ಲಾಯ್ಸಿ ಅಂತ?"

"ಯಾವಾಗ್ಲಾ ಯೋಳ್ದೆ? ಯಾರ್ ಮುಂದೆ ಯೋಳ್ದೆ?" ದೊಡ್ಡಪ್ಪ ಕೂಗಿದರು.

ನಾನು ಮುಂದೆ ಬಂದೆ. "ಚಾಚಾ, ತುಕ್ಕು ಹಿಡಿಯೋಕೆ ಒಂದು ದಿನದ ಮಳೆ ಸಾಕಲ್ವಾ?"

"ನೀರು ನೇರ ಬಿದ್ರೆ ಸಾಕು, ಆದ್ರೆ..."

"ಗಾಡಿ ಎರಡು ದಿನ ಚರಂಡಿಲಿ ಮಳೇಲಿ ನೆನೀತಿತ್ತು, ಹೌದಾ ಇಲ್ವಾ?"

"ಹೌದು. ಅಂಗಂದ್ರೆ ಪೂರ್ತಿ ಮುಖ ಕಂದಾಗ್ಬೇಕಿತ್ತಲ್ಲ ಬೇಟಿ, ಅರ್ಧ ಯಾಕೆ..."

ಒಳ್ಳೆಯ ಉತ್ತರ. ಅದು ಜನರ ಕಿವಿಗೆ ಬೀಳುವ ಮುಂಚೆಯೇ ದನಿ ಏರಿಸಿದೆ. "ಒಂದೇ ಬಣ್ಣಕ್ಕೆ ಎರಡು ವಯಸ್ಸು ಇರುತ್ತೆ, ಬಣ್ಣ ನಂಬ್ಬೇಡ ಅಂತ ನನಗೆ ಹೇಳಿಕೊಟ್ಟೋರು ಯಾರು? ನೀವೇ ಅಲ್ವಾ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ."

ಚಾಚಾ ನನ್ನನ್ನೇ ನೋಡಿದರು. "ಹೌದು" ಅಂದರು.

"ಅಲಲಲಾ!" ಅಂತ ಒಬ್ಬ ಡ್ರೈವರ್ ಚಪ್ಪಾಳೆ ಹೊಡೆದ. "ಸಾಬ್ರ ಟ್ಯೂಬಿನ್ ಗಾಳೀನೇ ತಗದ್ಬುಡ್ತಲ್ಲಪ್ಪಾ ಹುಡ್ಗಿ!"

ಎಲ್ಲರೂ ನಕ್ಕರು. ಆ ನಗು ನನಗೆ ಎಷ್ಟು ಹಿತವಾಗಿತ್ತು ಅಂತ ಈಗ ಬರೆಯಲೂ ನಾಚಿಕೆಯಾಗುತ್ತದೆ.

ನಗು ನಿಲ್ಲುವ ತನಕ ಚಾಚಾ ಕಾದರು. ಆಮೇಲೆ ತುಂಡನ್ನು ನನ್ನ ಕಡೆ ಹಿಡಿದು ಮೆಲ್ಲಗೆ ಅಂದರು: "ಬಣ್ಣ ಬುಡು ಬೇಟಿ. ಬೆರಳಿಕ್ಕಿ ನೋಡು."

ಹೆಬ್ಬೆರಳು ಇಟ್ಟೆ. ಕಂದು ಭಾಗದ ಮೇಲೆ ಸಣ್ಣ ಸಣ್ಣ ಅಲೆಗಳಿದ್ದವು. ಕೆರೆ ಬತ್ತುವಾಗ ನೀರು ದಿನಕ್ಕಿಷ್ಟು ಹಿಂದೆ ಸರಿದು ದಂಡೆಯ ಕೆಸರಲ್ಲಿ ಬಳೆ ಬಳೆಯಾಗಿ ಗುರುತು ಬಿಡುತ್ತಲ್ಲ, ಹಾಗೆ. ಬಿರುಕು ಒಂದಿಷ್ಟು ಬೆಳೆದು, ನಿಂತು, ಮತ್ತೆ ಒಂದಿಷ್ಟು ಬೆಳೆದ ಗುರುತು. ಅದು ದಾಟಿದ ಮೇಲೆ ಒಡೆದ ಬೆಲ್ಲದ ಅಚ್ಚಿನ ಹಾಗೆ ಒರಟು ಹರಳು. ಮಳೆ ತುಕ್ಕು ಹಿಡಿಸಬಹುದು, ಅಲೆ ಮೂಡಿಸಲಾರದು. ಅಲೆ ಮುಗಿದು ಹರಳು ಶುರುವಾಗುವ ಅಂಚಿನಲ್ಲಿ ನನ್ನ ಹೆಬ್ಬೆರಳು ನಿಂತಿತು. ಆ ಗಳಿಗೆಯಲ್ಲಿ ಎಲ್ಲ ಗೊತ್ತಾಯಿತು. ಎಲ್ಲ ಅಂದರೆ ಎಲ್ಲ.

ಹಿಂದೆ ಡ್ರೈವರುಗಳು, ಪಕ್ಕದಲ್ಲಿ ದೊಡ್ಡಪ್ಪ. ಗೆದ್ದ ಚರ್ಚೆ.

"ನಂಗೇನೂ ಗೊತ್ತಾಗ್ತಿಲ್ಲಪ್ಪ" ಅಂದೆ.

ಚಾಚಾ ದೊಡ್ಡಪ್ಪನ ಕಡೆ ತಿರುಗಿದರು. "ಆಯ್ತು ಗೌಡ್ರೆ. ನಂದೇ ತೆಪ್ಪು ಅಂದ್ಕೊಳಿ" ಅಂದರು. ಆ ತುಂಡನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ದೊಡ್ಡಪ್ಪನ ಕೈಗೆ ಕೊಟ್ಟರು. "ಮಡಿಕ್ಕಳಿ."

ಮಾರನೆಯ ದಿನದಿಂದ ನಾನು ಬಸ್ಸಿಗೆ ರಸ್ತೆಯ ಆಚೆ ಬದಿಯ ಬೇಕರಿ ಮುಂದೆ ಕಾಯತೊಡಗಿದೆ. ಅಲ್ಲಿಂದಲೂ ಶೆಡ್ಡು ಕಾಣುತ್ತಿತ್ತು. ಮುಂದೆ ನಿಲ್ಲುವ ಲಾರಿಗಳು ಕಡಿಮೆಯಾದವು. ಸುತ್ತಿಗೆ ಸದ್ದು ವಾರಕ್ಕೆರಡು ದಿನ, ಆಮೇಲೆ ಒಂದು ದಿನ... ನಾನು ಊರು ಬಿಡುವ ಹೊತ್ತಿಗೆ ತಗಡಿನ ಬಾಗಿಲು ಹಾಕಿತ್ತು.

ಆರು ವರ್ಷ ಇದನ್ನು ಮರೆತಿದ್ದೆ ಅಂದರೆ ಸುಳ್ಳು. ವಾದ ಕಟ್ಟಿಕೊಂಡಿದ್ದೆ. ನಾನಿನ್ನೂ ಓದುವ ಹುಡುಗಿ, ಮನೆಯವರ ಪರ ನಿಂತೆ, ಲೋಹದ ಬಗ್ಗೆ ನನಗೇನು ಗೊತ್ತು, ಇತ್ಯಾದಿ. ಚೆನ್ನಾಗಿಯೇ ಇತ್ತು ವಾದ. ಈ ವರ್ಷ ಅದನ್ನು ಕೆಡವಿದವರು ನನ್ನ ಗೈಡ್ ಮೇಡಂ. ಅವರಿಗೆ ಗೊತ್ತಿಲ್ಲದೆಯೇ ಕೆಡವಿದರು. ಒಂದು ಕಂದು ಕುಬ್ಜದ ಬಗ್ಗೆ ಕರಡು ಬರೆದುಕೊಟ್ಟಿದ್ದೆ. ತಣ್ಣಗಿದೆ, ಆದ್ದರಿಂದ ಮುದಿ ಅಂತ. ಮೇಡಂ ಕರಡು ವಾಪಸ್ ಕೊಟ್ಟು, "ಬರೀ ಕಾವು ನೋಡಿ ವಯಸ್ಸು ಬರೆದಿದ್ದೀಯಲ್ಲ. ರೋಹಿತ ಬಿಡಿಸಿ ನೋಡಿದೆಯಾ?" ಅಂದರು.

ರೋಹಿತ ಅಂದರೆ ಆ ಕಾಯದ ಬೆಳಕನ್ನು ಕಾಮನಬಿಲ್ಲಿನಂತೆ ಹರಡಿ, ಯಾವ ಬಣ್ಣ ಎಷ್ಟು ಉಳಿದಿದೆ ಅಂತ ಬರೆದ ನಕ್ಷೆ. ಅದರಲ್ಲಿ ಅಲ್ಲಲ್ಲಿ ತಗ್ಗುಗಳಿರುತ್ತವೆ. ಕುಬ್ಜದ ಮೈಮೇಲಿನ ಅನಿಲ ನುಂಗಿಕೊಂಡ ಬೆಳಕಿನ ಜಾಗ. ಎಳೆಯ ಕುಬ್ಜ ಇನ್ನೂ ಉಬ್ಬಿಕೊಂಡಿರುತ್ತದೆ, ಮೈಮೇಲೆ ಒತ್ತಡ ಕಡಿಮೆ, ಪೊಟ್ಯಾಸಿಯಂನ ತಗ್ಗು ಸಪೂರ. ಹಳೆಯದು ಕುಗ್ಗಿ ಬಿಗಿದಿರುತ್ತದೆ, ಅದೇ ತಗ್ಗು ಅಗಲ. ಇದೂ ಜಾತಕ ಬರೆದಂತೆ ಖಚಿತವೇನಲ್ಲ. ಆದರೆ ಬಣ್ಣ ಸುಮ್ಮನಾದ ಕಡೆ ಇದು ಮಾತಾಡುತ್ತದೆ. ನನ್ನ ಕುಬ್ಜದ ನಕ್ಷೆ ತೆರೆದೆ. ತಗ್ಗು ಸಪೂರವಾಗಿತ್ತು. ಅದು ಎಳೆಯದು. ಪರದೆಯ ಮೇಲೆ ಆ ತಗ್ಗಿನ ಅಂಚು ಹಿಡಿದು ಹೋಗುತ್ತಿದ್ದ ನನ್ನ ಬೆರಳು ನಿಂತುಹೋಯಿತು. ಮೊದಲೊಂದು ಸಲ ಎಲ್ಲಿ ಹೀಗೆ ನಿಂತಿತ್ತು ಅಂತ ಬೆರಳಿಗೆ ನೆನಪಿತ್ತು.

ಆಮೇಲೆ ರಜೆ, ಕೊಟ್ಟಿಗೆ, ಈ ತುಂಡು. ಎಡವಿದ ಮಾರನೇ ದಿನವೇ ಬೆಳ್ಳೂರು ಕ್ರಾಸಿಗೆ ಹೋದೆ. ಶೆಡ್ಡಿನ ಜಾಗದಲ್ಲಿ ಜ್ಯೂಸ್ ಅಂಗಡಿ. ಚಾಚಾನ ಮಗ ಕೆ.ಆರ್. ಪೇಟೆಯಲ್ಲಿ ಟೈರ್ ಕೆಲಸ ಮಾಡುತ್ತಾರೆ ಅಂತ ಅಂಗಡಿಯವರು ಅಂದರು. ಅಲ್ಲಿಗೂ ಹೋದೆ. ಕೈ ಒರೆಸಿಕೊಳ್ಳುತ್ತ ಬಂದವರು ನನ್ನ ಪರಿಚಯ ಕೇಳಿ ಒಂದು ಸ್ಟೂಲು ಮುಂದಕ್ಕೆ ತಳ್ಳಿದರು.

"ನಮ್ಮ ಅಬ್ಬಾ ತೀರ್ಕೊಂಡು ಎರಡು ವರ್ಷ ಆಯ್ತು. ಕೊನೇಗೆ ಶ್ರೀರಂಗಪಟ್ಟಣದಲ್ಲಿ ಅಕ್ಕನ ಮನೇಲಿ ಇದ್ರು." ಆಮೇಲೆ, "ನೀವು ಆ ಕಾಲೇಜ್ ಹುಡ್ಗಿ ಅಲ್ವಾ? ನಿಮ್ಮ ಮಾತು ಆಡೋರು."

"ಬೈತಿದ್ರಾ?"

"ಇಲ್ಲ. 'ಆ ಹುಡ್ಗೀಗೆ ಗೊತ್ತಾಯ್ತು ಕಣೋ, ಬೆರಳು ನಿಂತೋಯ್ತು, ನಾನ್ ನೋಡ್ದೆ' ಅನ್ನೋರು. ಅಷ್ಟೇ." ಟೈರಿನ ಕಡೆ ತಿರುಗಿ, ಬೇರೆಯವರ ಸುದ್ದಿ ಹೇಳುವಂತೆ ಸೇರಿಸಿದರು: "ಆಮೇಲೆ ಯಾರ್ಗೂ ಬೆರಳಿಕ್ಕಿ ನೋಡು ಅಂತ ಹೇಳ್ಲೇ ಇಲ್ಲ ಅವ್ರು."

ನಾನು ಕ್ಷಮೆ ಕೇಳಿದೆ. ಮಗ "ಅಯ್ಯೋ, ಬುಡಿ ಮೇಡಂ" ಅಂದರು. ಬಿಟ್ಟುಬಿಡಲು ಆ ಲೆಕ್ಕ ಅವರದ್ದಾಗಿರಲಿಲ್ಲ. ಹೊರಡುವಾಗ ಟೀ ಕುಡಿದು ಹೋಗಿ ಅಂದದ್ದಕ್ಕೆ ಏನು ಹೇಳಿದೆನೋ ನೆನಪಿಲ್ಲ...

ಮನೆಗೆ ಬಂದು ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಅಲೆ ಇದ್ದದ್ದು, ನಾನು ಸುಳ್ಳು ಹೇಳಿದ್ದು. ಅವರು ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡರು. "ಅಯ್ಯೋ, ಸದ್ದು ಸರ್ಯಾಗಿಲ್ಲ ಅಂತ ಅವ್ನು ಅವತ್ತೇ ಯೋಳಿದ್ದ ಕಣ್ ಬುಡವ್ವ. ಹಳೇ ಕತೆ." ಅಷ್ಟು ಸಲೀಸಾಗಿ ಅಂದುಬಿಟ್ಟರು. ಬೈಯೋಣ ಅಂತ ಬಾಯಿ ತೆರೆದೆ. ಯಾವ ಬಾಯಿಂದ ಬೈಯಲಿ?

ತುಂಡು ಈಗ ನನ್ನ ಮೇಜಿನ ಮೇಲಿದೆ, ಬಿಡಿಸಿದ ರೋಹಿತಗಳ ಪಕ್ಕ. ಎಣ್ಣೆ ಬಟ್ಟೆ ಯಾವತ್ತೋ ಕಳೆದುಹೋಗಿದೆ. ಹಳೇ ಬಿರುಕು, ಹೊಸ ಮುರುಕು ಎಲ್ಲ ಸೇರಿ ಇಡೀ ಮುಖ ಒಂದೇ ಕಂದು. ನೋಡಿದ ಯಾರೂ ಈಗ ಚಾಚಾನ ಪರ ಸಾಕ್ಷಿ ಹೇಳಲಾರರು. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸುತ್ತೇನೆ. ಅಲೆಗಳು ಸವೆದಿವೆ, ಸಿಕ್ಕರೆ ಸಿಕ್ಕವು, ಇಲ್ಲವಾದರೆ ಇಲ್ಲ. ಬೆರಳು ಮಾತ್ರ ಅದೇ ಅಂಚಿಗೆ ಹೋಗಿ ನಿಲ್ಲುತ್ತದೆ. ಈಗ ಅದನ್ನು ನೋಡಲು ಎದುರಿಗೆ ಯಾರೂ ಇಲ್ಲ.