ಶಬಾಳ ಡ್ಯೂಟಿ ಜಾಕೆಟ್

ನಮ್ಮ ಟೈಟಾ ಗುಡ್ಡದ ಕಡೆ ನಾಯಿ ಎಂದರೆ ಅಂಗಳದ ಪ್ರಾಣಿ. ಮಿಕ್ಕದ್ದು ಹಾಕಿದರೆ ತಿನ್ನುತ್ತದೆ, ಹಾಕದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ. ಅಂಥ ಊರಿನಲ್ಲಿ ನಮ್ಮ ಭಾವ ಮ್ವಾಡಿಮೆ ನಾಯಿಗೆ ಹಲ್ಲುಜ್ಜುತ್ತಿದ್ದ. ಅದನ್ನು ನೋಡಿ ನಗಲೆಂದೇ ಜನ ಅವನ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು.

ಹುಚ್ಚಲ್ಲ, ಅದು ಅವನ ನೌಕರಿ. ತ್ಸಾವೊ ಕಾಡು ಕಾಯುವ ಪಡೆಯಲ್ಲಿ ಅವನು ನಾಯಿ ನಡೆಸುವವನು. ಅವನ ನಾಯಿ ಶಬಾ. ತಾಮ್ರಕ್ಕೆ ನಾವು ಶಬಾ ಎನ್ನುತ್ತೇವೆ, ಅವಳ ಮೈಬಣ್ಣವೂ ಅದೇ. ಯಾರ ಚೀಲದಲ್ಲಾದರೂ ಆನೆದಂತದ ಒಂದು ಚೂರಿದ್ದರೆ ಸಾಕು, ಮೂಸಿ ಅದರ ಮುಂದೆ ಕದಲದೆ ಕೂತುಬಿಡುತ್ತಿದ್ದಳು. ನನ್ನ ಅಕ್ಕ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಆ ಮನೆಯಲ್ಲಿ ಭಾವ ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆಗೇ.

ವಿಮಾನ ಇಳಿಯುವ ಮಣ್ಣಿನ ಬಯಲಿನ ಪಕ್ಕದಲ್ಲಿ ನನ್ನ ಚಹಾದಂಗಡಿ. ತಪಾಸಣೆಗೆಂದು ಬೇರೆ ಕಡೆ ಹೊರಟಾಗಲೆಲ್ಲ ಅವರಿಬ್ಬರೂ ನನ್ನ ಒಲೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು.

"ಏನ್ ಭಾವಾ, ಮಂದಾಜಿ ನಿಂಗೊಂದು, ನಿನ್ ಮಗಳಿಗೊಂದಾ?" ಎಂದು ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿಯುತ್ತ ಕೇಳುತ್ತಿದ್ದೆ.

"ಡ್ಯೂಟೀಲಿ ಅವಳು ಏನೂ ಮುಟ್ಟಲ್ಲ. ನಿನ್ ಥರ ಕರೀತಾ ಕರೀತಾನೇ ಅರ್ಧ ಖಾಲಿ ಮಾಡೋಳಲ್ಲ."

"ಹೂಂ, ಮತ್ತೆ ನಿಂಗೆ ಎದುರು ಮಾತೂ ಆಡಲ್ಲ. ಅದಕ್ಕೇ ಅಷ್ಟು ಪ್ರೀತಿ."

ವಿಮಾನದವರ ನಿಯಮ ಅವನಿಗೆ ಬಾಯಿಪಾಠವಾಗಿತ್ತು. ಕೆಲಸದ ನಾಯಿ ಜಾಕೆಟ್ ತೊಟ್ಟಿದ್ದರೆ ಪ್ರಯಾಣಿಕರ ಜೊತೆಗೇ ಒಳಗೆ, ತನ್ನವನ ಕಾಲ ಬುಡದಲ್ಲಿ. ಕೆಲಸವಿಲ್ಲದ ನಾಯಿ, ಕಾಯಿಲೆಯ ನಾಯಿ ಪೆಟ್ಟಿಗೆಯಲ್ಲಿ, ವಿಮಾನದ ಹೊಟ್ಟೆಯೊಳಗೆ ಸಾಮಾನಿನ ಜೊತೆ. ಒಮ್ಮೆ ಪ್ರವಾಸಕ್ಕೆ ಬಂದ ಹೆಂಗಸೊಬ್ಬಳು ನಾಯಿಯ ಪಕ್ಕ ಕೂರುವುದಿಲ್ಲ ಎಂದು ರಂಪ ಮಾಡಿದಳು. ಭಾವ ಟೋಪಿ ತೆಗೆದು, "ಪರ್ವಾಗಿಲ್ಲ ಅಮ್ಮಾ, ಕೆಳಗೆ ಹೊಟ್ಟೇಲಿ ಜಾಗ ಇದೆ, ನೀವು ಹೋಗಿ. ನಾವಿಬ್ರೂ ಡ್ಯೂಟಿ ಮೇಲಿದೀವಿ" ಎಂದ. ಆ ಮಾತನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದ್ದೇನೆ.

ಆ ಜಾಕೆಟ್ಟಿಗೆ ಅವನೇ ಕಲಿಸಿದ ಕಟ್ಟಳೆಯಿತ್ತು. ತೊಡಿಸಿದರೆ ಕೆಲಸ ಶುರು. ಬಿಚ್ಚುವವರೆಗೆ ತಿನ್ನುವ ಹಾಗಿಲ್ಲ, ಆಡುವ ಹಾಗಿಲ್ಲ, ಎದುರಿಗೆ ಬಂದ ಚೀಲವನ್ನು ಮೂಸದೆ ಬಿಡುವ ಹಾಗಿಲ್ಲ. ಬಿಚ್ಚಿದ ಕೂಡಲೇ ಅವನ ಜೇಬಿನಿಂದ ಒಂದು ಹಳೇ ರಬ್ಬರ್ ಚೆಂಡು ಹೊರಬರುತ್ತಿತ್ತು. ಆ ಚೆಂಡೇ ಅವಳ ಸಂಬಳ.

ಹೋದ ಮಳೆಗಾಲ ಮುಗಿಯುತ್ತಿದ್ದಂತೆ ತ್ಸೆತ್ಸೆ ನೊಣ ಕಚ್ಚಿ ಅವಳಿಗೆ ಜ್ವರ ಹಿಡಿಯಿತು. ಒಸಡು ಸುಣ್ಣದ ಹಾಗೆ ಬೆಳ್ಳಗಾಯಿತು. ನೀರು ಕುಡಿಯಲೂ ತಲೆಯೆತ್ತದೆ ಬಿದ್ದುಕೊಂಡಳು. ಪಡೆಯ ಡಾಕ್ಟರಮ್ಮ ನೋಡಿ ನಿಟ್ಟುಸಿರುಬಿಟ್ಟಳು.

"ಮೈಯಲ್ಲಿ ರಕ್ತಾನೇ ಉಳಿದಿಲ್ಲ ಮ್ವಾಡಿಮೆ. ನೈರೋಬಿಗೆ ಕರ್ಕೊಂಡ್ ಹೋಗಿ ರಕ್ತ ಏರಿಸಿದ್ರೆ ಬದುಕ್ತಾಳೆ, ಇವತ್ತೇ ಹೋಗ್ಬೇಕು. ಆದ್ರೆ ದಾರೀಲಿ ಮಲಗೇ ಇರ್ಲಿ. ಎದ್ದು ನಿಂತ್ರೆ ಎದೆ ತಡ್ಕೊಳಲ್ಲ."

ರಸ್ತೆಯಲ್ಲಿ ಹೋದರೆ ದಿನವಿಡೀ ಕುಲುಕಾಟ. ಭಾವ ಅವಳನ್ನು ಅಕ್ಕನ ಹಳೇ ಕಾಂಗಾ ಬಟ್ಟೆಯಲ್ಲಿ ಸುತ್ತಿ, ಮಗುವಿನಂತೆ ಎತ್ತಿಕೊಂಡು ವಿಮಾನದ ಬಯಲಿಗೆ ಬಂದ. ಅಲ್ಲಿ ಟಿಕೆಟ್ ನೋಡುವವನು ಕ್ಯಾಲೊ ಎಂಬ ಕಾಂಬಾ ಪಂಗಡದ ಮನುಷ್ಯ, ಒಳ್ಳೆಯವನು.

"ಯಜಮಾನ್ರೇ, ಹುಷಾರಿಲ್ವಾ ಅವಳಿಗೆ? ಪೆಟ್ಟಿಗೆ ತರಿಸ್ಲಾ?" ಎಂದ.

ವಿಮಾನದ ಹೊಟ್ಟೆಯೊಳಗೆ, ನೆಲದ ಮೇಲಿದ್ದಾಗ ಒಲೆಯಂಥ ಸೆಕೆ, ಮೇಲೇರಿದರೆ ಕೊರೆಯುವ ಚಳಿ. ಒಳಗೆ ಏನಾದರೂ ಆದರೆ ನೋಡುವವರಿಲ್ಲ. ಸುಳ್ಳು ಹೇಳಲು ಬಾರದ ನಮ್ಮ ಭಾವ ಗಂಟಲು ಸರಿಮಾಡಿಕೊಂಡ.

"ಹುಷಾರಾಗೇ ಇದಾಳೆ. ಡ್ಯೂಟಿ ಮೇಲೆ ಹೊರಟಿದೀವಿ."

"ಡ್ಯೂಟಿ ನಾಯೀನ ಎತ್ಕೊಂಡು ಬರ್ತಾರಾ?"

"ನೆಲ ಸುಡ್ತಿದೆ. ಪಾದ ಬೇಯುತ್ತೆ."

ಬೆಳಗಿನ ಇಬ್ಬನಿ ಇನ್ನೂ ಹುಲ್ಲಿನ ಮೇಲೇ ಇತ್ತು. ಕ್ಯಾಲೊ ಹುಲ್ಲು ನೋಡಿದ, ಪಕ್ಕದಲ್ಲಿದ್ದ ನನ್ನ ಮುಖ ನೋಡಿದ. "ಹೌದೌದು, ಸುಡ್ತಿದೆ. ಜಾಕೆಟ್ ಹಾಕಿ ಹತ್ತಿಸಿ" ಎಂದ.

ಭಾವ ಮಂಡಿಯೂರಿ ಜಾಕೆಟ್ ತೊಡಿಸಿದ. ಕೊಕ್ಕೆ ಟಕ್ಕೆಂದಾಗ ಅವಳ ಕಿವಿ ನಿಮಿರಿತು. "ನೋಡ್ ಭಾವಾ, ಚೇತರಿಸ್ಕೊಂಡ್ಳು!" ಎಂದು ನಾನು ಕೈತಟ್ಟಿದೆ. ಅವನೂ ನಕ್ಕ.

ಆಮೇಲಿನದನ್ನು ಅವನೇ ಹೇಳಿದ್ದು. ನಡುವೆ ಇನ್ನೊಂದು ಕಡೆ ವಿಮಾನ ಇಳಿದು, ಹೊಸ ಪ್ರಯಾಣಿಕರು ಚೀಲ ಹಿಡಿದು ಹತ್ತತೊಡಗಿದರು. ಅವನ ಕಾಲ ಬಳಿ ಸತ್ತಂತೆ ಬಿದ್ದಿದ್ದವಳು ಎದ್ದು ನಿಂತಳು. ಕಾಲು ನಡುಗುತ್ತಿತ್ತು. "ಮಲ್ಕೊ ಶಬಾ, ಮಲ್ಕೊ ತಾಯೀ" ಎಂದ. ಯಾವತ್ತೂ ಮಾತು ಮೀರದವಳು ಆವತ್ತು ಕೇಳಲಿಲ್ಲ. ಪಕ್ಕದಲ್ಲಿ ಹಾದುಹೋದ ಮೊದಲ ಚೀಲಕ್ಕೆ ಮೂಗಿಟ್ಟಳು.

ಆಗ ಅವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಜಾಕೆಟ್ಟಿನ ಕೊಕ್ಕೆಗೆ ಕೈಹಾಕಿದ. ಬಾಗಿಲಲ್ಲಿ ನಿಂತಿದ್ದ ಪೈಲಟ್ ಬಗ್ಗಿ ಮೆಲ್ಲಗೆ ಹೇಳಿದ: "ಬಿಚ್ಬೇಡಿ ಯಜಮಾನ್ರೇ. ಯಾರಾದ್ರೂ ತಕರಾರು ತೆಗೆದ್ರೆ ನಾನು ಕೆಳಗಡೆ ಹಾಕ್ಲೇಬೇಕಾಗುತ್ತೆ." ಭಾವ ಕೈ ತೆಗೆದ. ಎರಡೂ ಕೈಯಲ್ಲಿ ಅವಳ ಎದೆಯನ್ನು ಆತುಕೊಂಡು ಕೂತ. ಬಂದ ಒಂದೊಂದು ಚೀಲವನ್ನೂ ಅವಳು ಬಿಡದೆ ಮೂಸಿದಳು. ಅಂಗೈಯ ಕೆಳಗೆ ಎದೆ ಹೊಡೆದುಕೊಳ್ಳುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು. ಬಾಗಿಲು ಮುಚ್ಚಿದ ಮೇಲೆ ಅವನ ಮುಖ ನೋಡಿದಳು. ಯಾವ ಚೀಲದಲ್ಲೂ ಏನೂ ಇಲ್ಲ ಎಂದು ಅವಳು ಹೇಳುವ ರೀತಿ ಅದು. ಹೇಳಿ ಕುಸಿದಳು.

ವಿಮಾನ ಮೇಲೇರಿದ ಕೂಡಲೇ ಅವನು ಜಾಕೆಟ್ ಬಿಚ್ಚಿ ಚೆಂಡು ಕೊಟ್ಟ. ಕಚ್ಚುವ ಶಕ್ತಿಯಿರಲಿಲ್ಲ, ಸುಮ್ಮನೆ ಬಾಯಲ್ಲಿಟ್ಟುಕೊಂಡಳು. ಬಾಲ ಒಂದು ಸಲ ಅಲ್ಲಾಡಿತು. ನೈರೋಬಿ ಮುಟ್ಟಿದಾಗ ಚೆಂಡು ಬಾಯಲ್ಲೇ ಇತ್ತು, ಅವಳಿರಲಿಲ್ಲ.

ಹಿಂತಿರುಗುವಾಗ ಅವಳು ವಿಮಾನದ ಹೊಟ್ಟೆಯಲ್ಲೇ ಬಂದಳು. ಭಾವ ಮೇಲೆ ಕೂತು, ಜಾಕೆಟ್ಟನ್ನು ತೊಡೆಯ ಮೇಲೆ ಹಾಕಿಕೊಂಡು ಬಂದ. ಕೆಳಗಿಳಿದವನು ನಮ್ಮ ಯಾರ ಕಡೆಗೂ ನೋಡದೆ, ಪೆಟ್ಟಿಗೆ ಇಳಿಸುವ ಕಡೆಗೆ ಹೋಗಿ ನಿಂತ. ಅಕ್ಕ ಸತ್ತಾಗ ನಾನು ಅಷ್ಟು ಅತ್ತಿರಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಪಡೆಯವರು ಶಬಾಳ ಫೋಟೋಗೆ ಕಟ್ಟು ಹಾಕಿಸಿ, ಕೆಳಗೆ 'ಕರ್ತವ್ಯದಲ್ಲಿ ಮಡಿದವಳು' ಎಂದು ಬರೆಸಿ, ಗೌರವದಿಂದ ಕೊಟ್ಟರು. ಹೊಸ ನಾಯಿಯನ್ನೂ ಕೊಡುತ್ತೇವೆ ಎಂದರು. ಅವನು ಬೇಡವೆಂದ. ಈಗ ಕಾಡಿನ ಗೇಟು ಕಾಯುತ್ತಾನೆ. ಆ ಫೋಟೋವನ್ನು ಗೋಡೆಗೆ ಹಾಕದೆ ನನ್ನ ಅಂಗಡಿಗೆ ತಂದು ಬೆಂಚಿನ ಮೇಲೆ ಮಗುಚಿಟ್ಟ.

"ಯಾಕ್ ಭಾವಾ, ಮನೇಲಿ ಹಾಕೋ. ಡ್ಯೂಟಿ ಮಾಡ್ತಾನೇ ಹೋದ್ಲು, ಅಂಥ ಸಾವು ಯಾರಿಗೆ ಬರುತ್ತೆ?" ಎಂದೆ.

ಅವನು ಚಹಾ ಲೋಟವನ್ನು ಕೆಳಗಿಟ್ಟ.

"ಡ್ಯೂಟಿ ಎಲ್ಲಿತ್ತು? ನಾನು ಸುಳ್ಳು ಹೇಳ್ದೆ. ಕ್ಯಾಲೊಗೆ ಗೊತ್ತಿತ್ತು ಸುಳ್ಳು ಅಂತ. ಪೈಲಟ್‌ಗೂ ಗೊತ್ತಿತ್ತು, ನಿಂಗೂ ಗೊತ್ತಿತ್ತು. ನಂಬಿದ್ದು ಅವಳೊಬ್ಳೇ."

 ಫೋಟೋ ಇವತ್ತಿಗೂ ಆ ಬೆಂಚಿನ ಮೇಲೆ ಮಗುಚಿಕೊಂಡೇ ಇದೆ.