ನಡುವಿನ ಒಂದು ಟೈಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ಓದುವ ಹಾಲಿನಲ್ಲಿ ಮೇಜು ಕುರ್ಚಿಗಳೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿವೆ. ಮಂಡಿಗೆ ಗೋಣಿಚೀಲದ ತುಂಡು ಸುತ್ತಿಕೊಂಡ ಚಿಕ್ಕಕ್ಕ, ಆರು ಮೂಲೆಯ ಟೈಲುಗಳ ಸಂದಿಗೆ ಬಿಳಿ ಸಿಮೆಂಟ್ ತುಂಬಿ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಹಿಂದಕ್ಕೆ ಸರಿಯುತ್ತಿದ್ದಾರೆ. ನೆಲವೆಲ್ಲ ಮುಗಿದಿದೆ. ನಟ್ಟನಡುವೆ ಒಂದೇ ಒಂದು ಟೈಲಿನ ಜಾಗ ಖಾಲಿ. ಟೈಲು ಪಕ್ಕದಲ್ಲೇ ಇದೆ, ಆದರೆ ಅವರು ಮುಟ್ಟುತ್ತಿಲ್ಲ. ಬಾಗಿಲ ಕಡೆ ನೋಡುತ್ತಾರೆ, ಮತ್ತೆ ಒರೆಸುತ್ತಾರೆ.

"ಅದು ಅಕ್ಕಂದು. ಕೊನೇ ಟೈಲು ಯಾವತ್ತಿದ್ರೂ ಅವಳೇ ಕೂರಿಸ್ಬೇಕು."

ಒಂದು ಕಾಲಕ್ಕೆ ನೆಲ ಹಾಕುವವರ ನಡುವೆ ಈ ಅಕ್ಕತಂಗಿಯರು ದೊಡ್ಡಕ್ಕ, ಚಿಕ್ಕಕ್ಕ ಎಂದೇ ಹೆಸರುವಾಸಿ. ಅಪ್ಪ ಕಲಿಸಿದ ಕೆಲಸ. ಬೇರೆಯವರು ಚೌಕದ ಟೈಲು ಹಾಕಿ ಬೇಗ ಮನೆಗೆ ಹೋಗುತ್ತಿದ್ದರೆ ಇವರದು ಆರು ಮೂಲೆಯ ಹಟ. ಮೂರು ಟೈಲು ಸೇರಿದಲ್ಲಿ ಕೂದಲೆಳೆ ತಪ್ಪಿದರೂ ಹತ್ತು ಸಾಲು ದಾಟುವಷ್ಟರಲ್ಲಿ ಎಲ್ಲ ಎಡವಟ್ಟು. "ತಾಳ್ಮೆ ಇಲ್ದೋರು ಇದಕ್ಕೆ ಕೈ ಹಾಕ್ಲೇಬಾರ್ದು. ನಮಗೆ ನೆಲದ ಮೇಲೆ ಇದ್ದ ತಾಳ್ಮೆ ಒಬ್ಬರ ಮೇಲೊಬ್ಬರಿಗೆ ಇರ್ಲಿಲ್ಲ, ಅಷ್ಟೇ," ಎಂದು ಚಿಕ್ಕಕ್ಕ ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇವರ ಕೆಲಸಕ್ಕೊಂದು ಕ್ರಮವಿತ್ತು. ಆರು ಮೂಲೆಯ ಟೈಲನ್ನು ಗೋಡೆಯ ಬುಡದಲ್ಲಿ ಎರಡು ಥರ ಕೂರಿಸಬಹುದು, ಗೋಡೆಗೆ ಮೊನೆ ತಾಗಿಸಿ ಇಲ್ಲವೇ ಬದಿ ತಾಗಿಸಿ. ಅಕ್ಕ ಒಂದು ಗೋಡೆಯ ಬುಡದಲ್ಲಿ ಮೊದಲ ಟೈಲಿಟ್ಟು "ಮೊನೇ!" ಎಂದೋ "ಬದೀ!" ಎಂದೋ ಕೂಗಬೇಕು. ತಂಗಿ ಎದುರು ಗೋಡೆಯಿಂದ ಹಾಗೇ ಹೊರಡಬೇಕು. ಇಬ್ಬರೂ ಹಿಂದೆ ಹಿಂದೆ ಸರಿಯುತ್ತಾ ಬಂದು ಬೆನ್ನಿಗೆ ಬೆನ್ನು ತಾಗಿತೆಂದರೆ ಆ ದಿನದ ಕೆಲಸ ಮುಗಿದಂತೆ.

ಹನ್ನೆರಡು ವರ್ಷದ ಹಿಂದೆ, ಇದೇ ಹಾಲಿನಲ್ಲಿ, ಅಕ್ಕ ಕೂಗಲಿಲ್ಲ.

"ಏನು ಮಹಾ ಜಗಳ ಅಂತೀರಿ? ಊಟದ ಡಬ್ಬಿ ಯಾರು ಮರೆತಿದ್ದು ಅನ್ನೋದು! ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡ್ವಿ. ಅವಳು ಮೊನೆ ಇಟ್ಟಳು, ನಾನು ಬದಿ ಇಟ್ಟೆ. ಸಂಜೆ ಬೆನ್ನು ತಾಗಿತು, ತಿರುಗಿ ನೋಡ್ತೀವಿ, ಅಯ್ಯೋ, ಏನು ಮಾಡಿದ್ರೂ ಕೂಡೋದೇ ಇಲ್ಲ. 'ನಿನ್ನ ಅರ್ಧ ಒಡಿ' ಅಂದಳು. 'ನೀನೇ ಒಡಿ' ಅಂದೆ."

ಯಾರೂ ಒಡೆಯಲಿಲ್ಲ. ಮೇಸ್ತ್ರಿ ತಲೆ ಚಚ್ಚಿಕೊಂಡು ನಡುವೆ ಒಂದು ಪಟ್ಟಿ ಸಿಮೆಂಟ್ ಬಳಿದರು. ಅಕ್ಕ ಮಗಳ ಊರಿಗೆ ಹೋದವರು ಮತ್ತೆ ಕರಣೆ ಹಿಡಿಯಲಿಲ್ಲ, ಈ ಕಡೆ ತಲೆಯನ್ನೂ ಹಾಕಲಿಲ್ಲ. "ದೊಡ್ಡಕ್ಕ ಇಲ್ದೆ ನಾನೆಂಥ ಚಿಕ್ಕಕ್ಕ? ಈಗ್ಲೂ ಹಿಂದೆ ಸರೀತಾ ಸರೀತಾ ಬೆನ್ನು ಕಾಯ್ತಾ ಇರುತ್ತೆ. ಕೊನೆಗೆ ಗೋಡೆ ತಾಗುತ್ತೆ."

ಸಿಮೆಂಟ್ ಪಟ್ಟಿ ಬಿರುಕು ಬಿಟ್ಟು ಗ್ರಂಥಾಲಯದವರು ಕರೆಕಳಿಸಿದಾಗ ಚಿಕ್ಕಕ್ಕ ಮೊದಲು ಮಾಡಿದ ಕೆಲಸ, ತಮ್ಮ ಅರ್ಧವನ್ನು ಒಡೆದದ್ದು. ಆಮೇಲೆ ಅಕ್ಕನ ಸಾಲಿಗೆ ನೂಲು ಹಿಡಿದು ಎಲ್ಲವನ್ನೂ ಮೊನೆಯಾಗಿಯೇ ಕೂರಿಸಿದರು. "ಜೇನುಹುಳ ಎರಡು ಕಡೆಯಿಂದ ಗೂಡು ಕಟ್ಕೊಂಡು ಬರ್ತವಂತೆ. ಮಧ್ಯ ಕೂಡದಿದ್ರೆ ಒಂದೆರಡು ಕೋಣೆ ಸೊಟ್ಟ ಮಾಡಿ ಹೊಂದಿಸ್ಕೋತಾವಂತೆ. ಹುಳಕ್ಕಿರೋ ಬುದ್ಧಿ ನಮಗೆ ಬರೋಕೆ ಇಷ್ಟು ವರ್ಷ ಬೇಕಾಯ್ತು ನೋಡಿ."

ಒಡೆದ ಸುದ್ದಿಯನ್ನು ಅಕ್ಕನ ಮಗಳಿಗೆ ಫೋನಿನಲ್ಲಿ ಹೇಳಿ, ಕೊನೆಯ ಟೈಲು ಕೂರಿಸಲು ಬರುವಂತೆ ಅಕ್ಕನನ್ನು ಕರೆದಿದ್ದಾರೆ. ಅಕ್ಕ "ನೋಡೋಣ" ಅಂದರಂತೆ. ಆ ಒಂದು ಮಾತನ್ನೇ ನೆಚ್ಚಿಕೊಂಡು ಮೂರು ದಿನದಿಂದ ಕಾಯುತ್ತಿದ್ದಾರೆ.

ಬಿಸಿಲು ಕಿಟಕಿಗೆ ಬರುತ್ತದೆ. ಮೇಸ್ತ್ರಿ ಬಂದು ಮೆಲ್ಲಗೆ ಹೇಳುತ್ತಾರೆ, "ಚಿಕ್ಕಕ್ಕಾ, ಬಾಗಿಲು ತೆಗೆಯೋ ಹೊತ್ತಾಯ್ತು. ಆ ಗುಳಿ ಮುಚ್ಚಿಬಿಡಿ."

ಚಿಕ್ಕಕ್ಕ ಬಾಗಿಲಿನತ್ತ ಇನ್ನೊಂದು ಸಲ ನೋಡುತ್ತಾರೆ. ಗಾರೆಯ ಬಾಂಡ್ಲಿಯನ್ನು ಆಚೆ ತಳ್ಳಿ, ಗುಳಿಗೆ ಬರೀ ಮರಳು ಹರಡಿ, ಮಟ್ಟ ನೋಡಿ, ಟೈಲನ್ನು ಇಳಿಸುತ್ತಾರೆ. ಮೇಲೆ ಕಾಲಿಟ್ಟರೆ ಟಕ್ ಎನ್ನುತ್ತದೆ.

"ಸದ್ದು ಮಾಡೋ ಟೈಲು ನಮ್ಮ ಕಸುಬಿಗೇ ನಾಚಿಕೆಗೇಡು. ಓದೋರೂ ಬೈತಾರೆ. ಬೈಲಿ ಬಿಡಿ," ಎನ್ನುತ್ತಾ ಮಂಡಿಯ ಗೋಣಿ ಬಿಚ್ಚುತ್ತಾರೆ. "ಅವಳು ಬಂದ ದಿನ ಎತ್ತಿ ಕೈಗೆ ಕೊಡ್ತೀನಿ. ಗಾರೆ ಅವಳೇ ಹಾಕ್ಲಿ."