ಸೊಂಟದಲ್ಲಿ ಡೆನ್ಮಾರ್ಕಿನ ಕಿರೀಟ

ನಿನ್ನೆ ನಾವೀಗಿರುವ ಪರದೇಶದ ಫಾರೆಸ್ಟ್ ಲೇಕ್‌ನಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಕೂಟದಲ್ಲಿ ಡಾಕ್ಟರ್ ಹುಡುಗನೊಬ್ಬ ನಡುವೆ ತೂತಿರುವ ಡೆನ್ಮಾರ್ಕಿನ ನಾಣ್ಯ ತೋರಿಸಿದ.

ಅಂಥದ್ದೇ ಇಪ್ಪತ್ತೈದು ಓರೆಯ (ಓರೆ ಅಂದರೆ ಅವರ ಪೈಸೆ) ನಾಣ್ಯ ಚಿಕ್ಕಂದಿನಲ್ಲಿ ನನಗೂ ಸಿಕ್ಕಿತ್ತು. ನಮ್ಮೂರಿಗೆ ಬೋರ್‌ವೆಲ್ ಕೊರೆಸಲು ಬಂದ ಡೆನ್ಮಾರ್ಕಿನವರೊಬ್ಬರು ನನ್ನ ಇಂಗ್ಲಿಷಿಗೆ ಬೆರಗಾಗಿ ಕೊಟ್ಟದ್ದು! ಅದರ ಮೇಲಿನ ಕಿರೀಟವನ್ನು ಶಾಲೆಗೆಲ್ಲ ತೋರಿಸಿ ಮೆರೆಯಬೇಕೆಂದಿದ್ದೆ. ಅಜ್ಜಿ ಅದನ್ನು ನಮ್ಮ ಹಳೇ ತೂತುಕಾಸೆಂದುಕೊಂಡು ನನ್ನ ಉಡಿದಾರಕ್ಕೆ ಪೋಣಿಸಿ ಗಂಟು ಬಿಗಿದಳು.

"ದೃಷ್ಟಿ ತಾಗಲ್ಲ ಮಗಾ. ಬಿಚ್ಚಿದ್ರೆ ನೋಡು!"

ಬಿಚ್ಚಲಿಲ್ಲ. ತರಗತಿಯಲ್ಲಿ ಅಂಗಿ ಎತ್ತಿ, "ನೋಡ್ರೋ, ರಾಜನ ಕಿರೀಟ!" ಎಂದೆ.

"ಮಹಾರಾಜರೇ, ಮೊದ್ಲು ಅಂಗಿ ಇಳಿಸಿ," ಎಂದರು ಮೇಷ್ಟ್ರು.

ಕಥೆ ಕೇಳಿದ ಡಾಕ್ಟರ್ ನಕ್ಕ. "ಸುಳ್ಳು ಅಂಕಲ್! ಎಲ್ಲಿ, ತೋರ್ಸಿ?"

ನನ್ನ ಕೈ ಸೊಂಟಕ್ಕೆ ಹೋಯಿತು. "ರೀ, ಇಲ್ಲೂ ಅಂಗಿ ಎತ್ಬೇಡಿ!" ಎಂದಳು ಹೆಂಡತಿ.

ಉಡಿದಾರಗಳು ಎಷ್ಟೋ ಬದಲಾದವು. ಅಜ್ಜಿಯ ಕಾಸು ಅಲ್ಲೇ ಇದೆ.